ಹಳೆಯ ಬೋರ್ಡಿನ ಬೆನ್ನು

ಮೂರು ವಾರದಿಂದ ಅವಳು ಸರ್ಕ್ಯೂಟ್ ಬೋರ್ಡು ವಿನ್ಯಾಸ ಮಾಡುವ ಹಿರಿಯರ ತಲೆ ತಿನ್ನುತ್ತಿದ್ದಳು. ಹೊಸ ಬೋರ್ಡಿಗೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಅವಳು ಬರೆದ ಯುಎಸ್‌ಬಿ ಡ್ರೈವರ್ ತಂತ್ರಾಂಶ ಕುಸಿದು ಇಡೀ ಯಂತ್ರವೇ ನಿಂತುಹೋಗುತ್ತಿತ್ತು. ಅದೇ ಡ್ರೈವರ್ ಅವಳ ಮೇಜಿನ ಮೇಲಿದ್ದ ಹಳೆಯ ಬೋರ್ಡಿನಲ್ಲಿ ಒಂದು ಸಲವೂ ಕೈಕೊಟ್ಟಿರಲಿಲ್ಲ.

"ನನ್ನ ಕೋಡ್ ಬಿಡಿ ಸಾರ್, ನಿಮ್ಮ ಹೊಸ ಬೋರ್ಡೇ ಸರಿಯಿಲ್ಲ," ಎಂದು ಅವತ್ತೂ ಶುರುಹಚ್ಚಿಕೊಂಡಳು.

"ಯುಎಸ್‌ಬಿ ಭಾಗ ಎರಡರಲ್ಲೂ ಒಂದೇ ಕಣಮ್ಮ. ಒಂದು ಗೆರೆನೂ ಬದಲಾಯಿಸಿಲ್ಲ," ಎಂದ ಹಿರಿಯರು, ಸಾಕಾಗಿಹೋಗಿ ಹಳೆಯ ಬೋರ್ಡನ್ನು ಬಿಚ್ಚಿ, ಮಗುಚಿ, ಭೂತಗನ್ನಡಿಯ ಕೆಳಗಿಟ್ಟರು. "ಇಲ್ಲೊಂದು ತಂತಿ ಬೆಸೆದಿದ್ದಾರೆ. ನಕ್ಷೆಯಲ್ಲಿ ಇಲ್ವೇ ಇಲ್ಲ. ಇದ್ಯಾರ ಕೆಲಸ?"

ಅವಳು ಬಗ್ಗಿ ನೋಡಿದಳು. ಕೂದಲಿನಷ್ಟು ತೆಳ್ಳನೆಯ ತಂತಿ. ಅದು ಅಲುಗದಂತೆ ಮೇಲೊಂದು ತೊಟ್ಟು ನೇರಳೆ ಉಗುರುಬಣ್ಣ. ಐದು ವರ್ಷದ ಹಿಂದೆ, ಅಂಟು ಮುಗಿದಿದೆಯೆಂದು ತಂಗಿಯ ಶೀಶೆಯನ್ನೇ ಎತ್ತಿಕೊಂಡು ಬಂದಿದ್ದಳು. ಪೆನ್‌ಡ್ರೈವ್ ಚುಚ್ಚಿದರೆ ನಿಲ್ಲುತ್ತಿದ್ದ ತನ್ನ ಬೋರ್ಡೊಂದನ್ನು ಮಾತ್ರ ಈ ತಂತಿಯಿಂದ ಸರಿಮಾಡಿಕೊಂಡು, ಆಮೇಲೆ ಬರೆದಿಟ್ಟರಾಯಿತು ಎಂದುಕೊಂಡವಳು ಮರೆತೇಬಿಟ್ಟಿದ್ದಳು.

"ನಾವು ಮಾರಿದ ನಾನೂರು ಹಳೇ ಬೋರ್ಡಲ್ಲೂ ಈ ತಂತಿ ಇದೆಯಾ?" ಎಂದು ಹಿರಿಯರು ಮೆಲ್ಲಗೆ ಕೇಳಿದರು.

ಪೆನ್‌ಡ್ರೈವ್ ಚುಚ್ಚಿದರೆ ಯಂತ್ರ ನಿಲ್ಲುತ್ತದೆ ಎಂದು ಗಿರಾಕಿಗಳು ಐದು ವರ್ಷದಿಂದ ದೂರುತ್ತಲೇ ಇದ್ದರು. ಪ್ರತಿ ಸಲವೂ ಇದೇ ಬೋರ್ಡಿಗೆ ಚುಚ್ಚಿ ನೋಡಿ, "ನಮ್ಮಲ್ಲಿ ಸರಿಯಾಗಿದೆ, ನಿಮ್ಮ ಪೆನ್‌ಡ್ರೈವ್ ಬದಲಿಸಿ" ಎಂದು ಉತ್ತರ ಬರೆದವಳು ಅವಳೇ.