ಮರಿನಲ್ವಾ ಪಾರ್ಲರಿನ ಹೆಸರಿಲ್ಲದ ಬಾಟಲಿ

ಶನಿವಾರ ಬಂತೆಂದರೆ ನಮ್ಮ ಬೀದಿಯಲ್ಲಿ ಎಲ್ಲರ ಕಣ್ಣೂ ಉರಿಯುತ್ತಿತ್ತು.

ನನ್ನ ಹೆಸರು ಬೆನೆಡಿಟಾ. ಬ್ರೆಜಿಲಿನ ಬೆಲೆಂ ಊರಿನಲ್ಲಿ, ಗುವಾಮಾ ಹೊಳೆಗೆ ಇಳಿಯುವ ಬೀದಿಯ ಮೂಲೆಯಲ್ಲಿ ನನ್ನದೊಂದು ಟಕಾಕಾ ಗಾಡಿ. ಸಂಜೆ ಮಳೆ ನಿಂತ ಮೇಲೆ ಜನ ಬಿಸಿಬಿಸಿ ಮರಗೆಣಸಿನ ಸಾರಿಗೆ ಒಣಸಿಗಡಿ ಹಾಕಿಸಿಕೊಂಡು, ಸೋರೆ ಬುರುಡೆಯ ಬಟ್ಟಲಿನಲ್ಲಿ ಕುಡಿಯುತ್ತಾ ನಿಲ್ಲುತ್ತಾರೆ. ಅದೇ ಟಕಾಕಾ. ಗಾಡಿಯ ಎದುರಿಗೇ ಮರಿನಲ್ವಾಳ ಬ್ಯೂಟಿ ಪಾರ್ಲರ್. ಗುಂಗುರು ಕೂದಲನ್ನು ಸ್ಟ್ರೈಟ್ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಮದುವೆ ಇರಲಿ, ಯಾರದಾದರೂ ಮಗಳ ಹದಿನೈದನೇ ಹುಟ್ಟುಹಬ್ಬ ಇರಲಿ, ಶನಿವಾರ ಬೆಳಗ್ಗೆಯೇ ಅವಳ ಬಾಗಿಲಲ್ಲಿ ಹೆಂಗಸರ ಸಾಲು.

ಮೊದಲು ಕೂದಲಿಗೆ ಕ್ರೀಮು ಹಚ್ಚುತ್ತಿದ್ದಳು. ಒಣಗಿದ ಮೇಲೆ ಕಾದ ಸ್ಟ್ರೈಟ್ನರಿನಲ್ಲಿ ಒಂದೊಂದೇ ಎಳೆ ಹಿಡಿದು ಎಳೆಯುತ್ತಿದ್ದಳು. ಎಳೆದಾಗಲೆಲ್ಲ ಬುಸ್ಸೆಂದು ಹೊಗೆ. ಎ.ಸಿ. ತಂಪು ಹೊರಗೆ ಹೋಗಬಾರದೆಂದು ಬಾಗಿಲು ಮುಚ್ಚಿರುತ್ತಿತ್ತು. ಕುರ್ಚಿಯಲ್ಲಿ ಕೂತವರು ಮೂಗಿಗೆ ಟವೆಲ್ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಲೇ ನಗುತ್ತಿದ್ದರು. ಬಾಗಿಲು ತೆರೆದರೆ ಆ ಘಾಟು ರಸ್ತೆ ದಾಟಿ ನನ್ನ ಸಾರಿನ ಪಾತ್ರೆಯವರೆಗೂ ಬರುತ್ತಿತ್ತು.

“ಉರಿದರೆ ತಾನೇ ಹಿಡಿಯೋದು,” ಎನ್ನುತ್ತಿದ್ದಳು ಮರಿನಲ್ವಾ. “ಉರಿಯದ ಕ್ರೀಮು ಹಚ್ಚಿದ್ರೆ ಒಂದು ಮಳೆಗೆ ಮತ್ತೆ ಗುಂಗುರು.”

ಒಂದು ಶನಿವಾರ ಸೊರಾಯಾ ನನ್ನ ಗಾಡಿಯ ಹತ್ತಿರ ಸಾರು ಕುಡಿಯುತ್ತಾ ನಿಂತಿದ್ದಳು. ಸೊರಾಯಾ ನಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ಲಸಿಕೆ, ಬಿ.ಪಿ., ಬಾಣಂತನ ಎಲ್ಲ ವಿಚಾರಿಸುವವಳು. ಮರಿನಲ್ವಾ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಆ ಹೊತ್ತಿಗೆ ಮರಿನಲ್ವಾ ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಬೆನೆ, ನನಗೂ ಒಂದು ಬಟ್ಟಲು ಕೊಡೇ. ಇತ್ತೀಚೆಗೆ ನಿನ್ ಸಾರು ಸಪ್ಪೆ ಕಣೇ, ಘಮಾನೇ ಇಲ್ಲ.”

“ಬೀದಿಗೆಲ್ಲ ಘಮ ಬರ್ತಾ ಇದೆ, ನಿನಗೆ ಮಾತ್ರ ಇಲ್ವಾ?” ಎಂದೆ.

ಸೊರಾಯಾ ಅವಳ ಕೈಲಿದ್ದ ಟವೆಲ್ ನೋಡಿದಳು. “ರಕ್ತ ಅಲ್ವಾ ಇದು?”

“ಸೆಖೆಗೆ. ಆಗಾಗ ಬರುತ್ತೆ, ನಿಲ್ಲುತ್ತೆ.”

“ಸೆಖೆ ನನಗೂ ಇದೆ. ನನ್ ಮೂಗಲ್ಲಿ ಬರ್ತಿಲ್ಲ. ಕ್ರೀಮಿಗೆ ಏನು ಬೆರೆಸ್ತೀಯ?”

“ಏನೂ ಇಲ್ಲಮ್ಮ. ಡಬ್ಬಿ ಮೇಲೆ ಬರೆದಿದೆ ನೋಡು ಹೋಗು, ಫಾರ್ಮಾಲಿನ್ ಇಲ್ಲ ಅಂತ.”

“ಡಬ್ಬೀಲಿ ಇಲ್ಲ. ಸಿಂಕಿನ ಕೆಳಗಿರೋ ಬಾಟಲೀಲಿ?”

ಆ ಬಾಟಲಿ ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ಹೆಸರಿಲ್ಲ, ಚೀಟಿ ಇಲ್ಲ. ಮಾರ್ಕೆಟ್ಟಿನ ಕಡೆಯಿಂದ ಬೈಕಿನಲ್ಲಿ ಒಬ್ಬ ತಂದುಕೊಡುತ್ತಿದ್ದ. ಪಾರ್ಲರಿನವರು ಅದನ್ನು ‘ಬಲ’ ಎಂದು ಕರೆಯುತ್ತಿದ್ದರು.

“ಅದು ಫಾರ್ಮಾಲಿನ್ನೇ. ಆಸ್ಪತ್ರೇಲಿ ಹೆಣ ಕೊಳೀಬಾರ್ದು ಅಂತ ಬಳಸೋದು ಅದನ್ನೇ ಕಣೇ,” ಎಂದಳು ಸೊರಾಯಾ. “ಕ್ರೀಮಿಗೆ ಹೀಗೆ ಸುರಿಯೋದು ಬ್ರೆಜಿಲಲ್ಲಿ ಅಪರಾಧ. ಬಿಸಿ ತಾಗಿದ ಕೂಡಲೇ ಗಾಳಿಯಾಗಿ ಮೂಗಿಗೆ, ಗಂಟಲಿಗೆ ಹೋಗುತ್ತೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಗಟ್ಟಿಯಾಗಿ ಗೊತ್ತಿರೋ ಪದಾರ್ಥಗಳಲ್ಲಿ ಇದೂ ಒಂದು. ಮೂಗಿನ ಹಿಂಭಾಗದ ಕ್ಯಾನ್ಸರ್, ರಕ್ತದ ಕ್ಯಾನ್ಸರ್.”

“ನಮ್ಮಜ್ಜಿ ಸಾಯೋವರೆಗೂ ಚುಟ್ಟಾ ಸೇದಿದ್ಲು. ತೊಂಬತ್ತು ದಾಟಿದ್ಲು. ಏನಂತೀಯ ಅದಕ್ಕೆ?”

“ಅಜ್ಜಿ ಪುಣ್ಯ ಅಂತೀನಿ. ಎಲ್ಲರಿಗೂ ಬರುತ್ತೆ ಅಂತ ನಾನು ಹೇಳ್ಲಿಲ್ಲ. ಇವತ್ತು ಉಸಿರಾಡಿದ್ರೆ ನಾಳೆ ಬರುತ್ತೆ ಅಂತಾನೂ ಅಲ್ಲ. ನಮ್ ಮೈಯೊಳಗೆ ಜೀವಕೋಶ ಸವೆದು ಹೋಗ್ತಾ ಇರುತ್ತೆ, ಹೊಸದು ಹುಟ್ತಾ ಇರುತ್ತೆ. ಇಂಥ ವಿಷ ಅದಕ್ಕೆ ಏಟು ಕೊಡುತ್ತೆ. ಮೈ ರಿಪೇರಿ ಮಾಡ್ಕೊಳುತ್ತೆ. ದಿನಾ ಏಟು ಬೀಳ್ತಾ ಇದ್ರೆ ಒಂದಲ್ಲ ಒಂದು ರಿಪೇರಿ ಕೆಟ್ಟುಹೋಗಬಹುದು. ಆ ಕೆಟ್ಟ ಕೋಶ ತಾನೇ ತಾನಾಗಿ ಬೆಳೆದ್ರೆ ಅದೇ ಕ್ಯಾನ್ಸರ್. ಗಿರಾಕಿ ವರ್ಷದಲ್ಲಿ ಯಾವಾಗಲೋ ಬರ್ತಾಳೆ. ನೀನು ದಿನಾ ಅದರೊಳಗೇ ಇರ್ತೀಯ.”

“ಬಿಟ್ಟರೆ ಎಲ್ಲ ದೊಡ್ಡ ರಸ್ತೇಲಿರೋ ಆ ಗ್ಲೌಸಿ ಪಾರ್ಲರಿಗೆ ಹೋಗ್ತಾರೆ,” ಎಂದಳು ಮರಿನಲ್ವಾ. “ಆಮೇಲೆ ನನ್ ಮನೆ ನೀನು ನಡೆಸ್ತೀಯಾ? ಸುಮ್ನೆ ಸಾರು ಕುಡಿ.”

ಬಟ್ಟಲು ನನ್ನ ಕೈಗಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಮಳೆಗಾಲ ಮುಗಿಯುವ ಹೊತ್ತಿಗೆ ದೋನಾ ಜುಲ್ಮೀರಾಗೆ ಕ್ಯಾನ್ಸರ್ ಎಂಬ ಸುದ್ದಿ ಬಂತು. ಮರಿನಲ್ವಾ ಕೈಗೆ ಕತ್ತರಿ ಕೊಟ್ಟು ಕಸುಬು ಕಲಿಸಿದ್ದು ಅವರೇ. ಪೇಟೆಯಲ್ಲಿ ಅವರದು ದೊಡ್ಡ ಪಾರ್ಲರ್ ಇತ್ತು. ದೋನಾ ಎಂದರೆ ನಮ್ಮ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಮೊದಲು ಒಂದು ಕಿವಿ ಕಟ್ಟಿದ ಹಾಗಾಯಿತಂತೆ. ಆಮೇಲೆ ಮೂಗಿನಲ್ಲಿ ರಕ್ತ. ಆಮೇಲೆ ಕುತ್ತಿಗೆಯಲ್ಲಿ ನೋವಿಲ್ಲದ ಒಂದು ಗಂಟು. ಗಂಟು ಕಂಡ ಮೇಲೆಯೇ ಆಸ್ಪತ್ರೆಗೆ ಹೋಗಿದ್ದು. ಮೂಗಿನ ಹಿಂದೆ, ಗಂಟಲ ಮೇಲ್ಭಾಗದಲ್ಲಿ ಇತ್ತು ಅದು.

ನಾನೂ ಮರಿನಲ್ವಾಳೂ ನೋಡಲು ಅವರ ಮನೆಗೆ ಹೋದೆವು. ರೇಡಿಯೇಷನ್ ಕರೆಂಟು ಕೊಟ್ಟು ಅವರ ಗಂಟಲು ಸುಟ್ಟುಹೋಗಿತ್ತು, ಖಾರ ಇಳಿಯುತ್ತಿರಲಿಲ್ಲ. ಅದಕ್ಕೆ ತಣ್ಣನೆಯ ಅಸಾಯಿ ಹಣ್ಣಿನ ರಸ ತೆಳ್ಳಗೆ ಕದಡಿ ಒಯ್ದಿದ್ದೆ. ದೋನಾ ಜುಲ್ಮೀರಾ ಚಮಚದಲ್ಲಿ ಸ್ವಲ್ಪ ಸ್ವಲ್ಪ ನುಂಗಿದರು. ತಲೆಗೆ ಹಳದಿ ಬಟ್ಟೆ ಕಟ್ಟಿದ್ದರು. ಅದರ ಕೆಳಗೆ ಕೂದಲಿರಲಿಲ್ಲ.

“ಅದರಿಂದಲೇ ಬಂತು ಅಂದ್ರಾ ಡಾಕ್ಟ್ರು?” ಮರಿನಲ್ವಾ ಕೇಳಿದಳು. ಇಲ್ಲ ಎನ್ನಲಿ ಎಂದು ಕಾಯುತ್ತಿದ್ದಳು. ನನಗದು ಕಾಣುತ್ತಿತ್ತು.

“ಅದರಿಂದಲೇ ಅಂತ ಯಾರೂ ಹೇಳಲ್ಲ ಮಗಳೇ. ಒಬ್ಬೊಬ್ಬರ ವಿಷಯದಲ್ಲಿ ಹಾಗೆ ಹೇಳಕ್ಕಾಗಲ್ವಂತೆ. ಆದರೆ ಹೆಸರು, ವಯಸ್ಸು ಆದ ಮೇಲೆ ಕೇಳಿದ್ದೇ, ಏನು ಕೆಲಸ ಮಾಡ್ತಿದ್ರಿ ಅಂತ. ಹೇಳ್ದೆ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು.”

“ಹಾಗಾದ್ರೆ ಅದರಿಂದ ಅಲ್ಲದೇನೂ ಇರಬಹುದು.”

“ಇರಬಹುದು.” ದೋನಾ ಜುಲ್ಮೀರಾ ಚಮಚ ಕೆಳಗಿಟ್ಟರು. “ನೀನು ಆ ಬಾಟಲಿ ಮಗಳ ಊಟದ ತಟ್ಟೆ ಪಕ್ಕ ಇಡ್ತೀಯಾ? ಇಡಲ್ಲ ಅಲ್ವಾ. ಹಾಗಾದ್ರೆ ನಿನಗೆ ಉತ್ತರ ಗೊತ್ತು. ಬಳಸೋಕೆ ಕಲಿಸಿದ್ದು ನಾನು. ಬಿಡು ಅಂತ ಹೇಳ್ತಿರೋದೂ ನಾನೇ.”

ವಾಪಸು ಬಂದು ಬಸ್ಸು ಇಳಿದವಳೇ ಮರಿನಲ್ವಾ ಪಾರ್ಲರಿಗೆ ಹೋಗಿ ಬಾಟಲಿ ಹಿಡಿದುಕೊಂಡು ಚರಂಡಿ ಹತ್ತಿರ ನಿಂತಳು. ನಾನು ಸೊರಾಯಾಳನ್ನು ಕೂಗಿದೆ.

“ಚರಂಡಿಗೆ ಬೇಡ, ಹೊಳೆಗೆ ಹೋಗುತ್ತೆ,” ಎಂದಳು ಸೊರಾಯಾ. “ಮುಚ್ಚಳ ಬಿಗಿ ಮಾಡಿ ಕೊಡು. ಆರೋಗ್ಯ ಇಲಾಖೆಗೆ ಒಪ್ಪಿಸ್ತೀನಿ. ನೀನೂ ನಾಳೆ ಬಂದು ಮೂಗು ತೋರಿಸ್ಕೊ.”

ಮೂಗಿನ ಒಳಗೆಲ್ಲ ಹುಣ್ಣಾಗಿತ್ತು. ಕೆಟ್ಟದ್ದೇನೂ ಇಲ್ಲ ಎಂದರು ಡಾಕ್ಟರು, ಆದರೆ ಆಗಾಗ ಬಂದು ತೋರಿಸಬೇಕು ಎಂದರು. ಬೈಕಿನವನು ಮುಂದಿನ ವಾರ ಬಂದ. ಮರಿನಲ್ವಾ ಬಾಗಿಲಲ್ಲೇ ನಿಂತಳು.

“ಬೇಡ.”

“ಏನಕ್ಕ, ಕಡಿಮೆಗೆ ಕೊಡ್ತೀನಿ.”

“ಬಿಟ್ಟಿ ಕೊಟ್ಟರೂ ಬೇಡ. ಇನ್ನು ಈ ಬೀದೀಲಿ ಕಂಡರೆ ಇಲಾಖೆಯವರಿಗೆ ಫೋನ್ ಮಾಡ್ತೀನಿ.”

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯೊಳಗೆ. ಅವಳ ಮಗಳು ತೈನಾರಾಗೆ ಹದಿನೈದು ತುಂಬುವುದರಲ್ಲಿತ್ತು. ನಮ್ಮಲ್ಲಿ ಅದು ಮದುವೆಯಷ್ಟೇ ದೊಡ್ಡ ಹಬ್ಬ. ಉದ್ದ ಗೌನು, ಅಪ್ಪನ ಜೊತೆ ಕುಣಿತ, ಕೇಕು, ಫೋಟೋ. ಆ ದಿನ ಸೊಂಟದವರೆಗೆ ನೇರ ಕೂದಲು ಇಳಿಬಿಡಬೇಕು ಎಂಬುದು ಅವಳ ಆಸೆ.

“ಇಡೀ ಊರಿಗೆ ಮಾಡಿದ್ಯಲ್ಲ,” ಎಂದಳು ಅಮ್ಮನಿಗೆ. “ನನ್ನ ಸರದಿ ಬಂದಾಗ ಆಗಲ್ಲ. ಸ್ಕೂಲಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ? ಪಾತ್ರೆ ಉಜ್ಜೋ ನಾರು ಅಂತ.”

“ಗೊತ್ತು. ನನ್ನೂ ಹಾಗೇ ಕರೀತಿದ್ರು.”

“ಮತ್ತೆ?”

ಹಬ್ಬಕ್ಕೆ ಎರಡು ದಿನ ಇರುವಾಗ ತೈನಾರಾ ತಲೆ ತಗ್ಗಿಸಿಕೊಂಡು ದೊಡ್ಡ ರಸ್ತೆ ಕಡೆ ಹೋದದ್ದನ್ನು ನಾನು ಗಾಡಿಯಿಂದ ಕಂಡೆ. ಆ ಕಡೆ ಇರುವುದು ಗ್ಲೌಸಿ ಪಾರ್ಲರ್. ಹೋಗಿ ಮರಿನಲ್ವಾಗೆ ಹೇಳಿದೆ. ಅವಳು ಅರ್ಧ ಕೂದಲು ಕತ್ತರಿಸಿದ್ದ ಗಿರಾಕಿಯನ್ನು ಹಾಗೇ ಕೂರಿಸಿ ಹೊರಟಳು. ನಾನೂ ಹಿಂದೆ ಓಡಿದೆ.

ಗ್ಲೌಸಿ ಪಾರ್ಲರಿನ ಬಾಗಿಲು ಮುಚ್ಚಿತ್ತು. ಮರಿನಲ್ವಾ ಅದನ್ನು ಪೂರ್ತಿ ತೆರೆದು ಕಲ್ಲು ಒರಗಿಸಿದಳು. ತೈನಾರಾ ಕುರ್ಚಿಯಲ್ಲಿದ್ದಳು, ತಲೆ ತುಂಬ ಕ್ರೀಮು, ಕಣ್ಣು ಕೆಂಪು, ಟವೆಲಿನೊಳಗೆ ಕೆಮ್ಮುತ್ತಿದ್ದಳು. ಸ್ಟ್ರೈಟ್ನರ್ ಇನ್ನೂ ಕಾಯುತ್ತಿತ್ತು.

“ಜಗಳಕ್ಕೆ ಬಂದ್ಯಾ ಅಕ್ಕ?” ಗ್ಲೌಸಿ ಕೇಳಿದಳು.

“ಇಲ್ಲ. ನನ್ ಮಗಳ ತಲೆ ತೊಳೆಯೋಕೆ ಬಂದೆ.”

“ನನ್ನ ತಂಗಿಗೆ ಇದನ್ನೇ ಹಚ್ಚಿದ್ದೆ ನೀನು. ಮರೆತೋಯ್ತಾ?”

“ಮರೆತಿಲ್ಲ. ಹಚ್ಚಿದ್ದೆ. ಅವಳ ಮನೆಗೆ ಹೋಗಿ ಹೇಳ್ತೀನಿ, ಇನ್ನು ಹಚ್ಚಲ್ಲ ಅಂತ. ಏಳು ತೈನಾರಾ.”

ಅಲ್ಲಿಯ ಬೇಸಿನ್ನಿನಲ್ಲೇ ನೀರು ಬಿಟ್ಟು ತೊಳೆದಳು. ಹುಡುಗಿ ಅಳುತ್ತಿದ್ದಳು, ಕೆಲವು ಹೆಂಗಸರು ನಗುತ್ತಿದ್ದರು. ತಲೆ ಒರೆಸಿ, ಕೈ ಹಿಡಿದುಕೊಂಡು ಬೀದಿಯಲ್ಲಿ ನಡೆಸಿಕೊಂಡು ಬಂದಳು. ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿಸಿ ಸೀದಾ ದೋನಾ ಜುಲ್ಮೀರಾ ಮನೆಗೆ ಕರೆದುಕೊಂಡು ಹೋದಳು, ನಾನೂ ಜೊತೆಗೇ ಹೋದೆ.

ತೈನಾರಾ ಚಿಕ್ಕಂದಿನಲ್ಲಿ ಆಡಿದ ಮನೆ ಅದು. ಹಳದಿ ಬಟ್ಟೆ ಕಟ್ಟಿದ ಆ ಮುಖವನ್ನು ನೋಡಿ ಅವಳ ಅಳು ನಿಂತುಹೋಯಿತು.

“ನೋವಾಗುತ್ತಾ ದೋನಾ?”

“ನುಂಗುವಾಗ ಆಗುತ್ತೆ. ಬಾ, ತಲೆ ಕೊಡು.”

ದೋನಾ ಜುಲ್ಮೀರಾ ಒದ್ದೆ ಕೂದಲನ್ನು ಬೆರಳಲ್ಲಿ ಬಿಡಿಸಿದರು. ಬುಡದಿಂದ ಅಲ್ಲ, ತುದಿಯಿಂದ ಬಾಚಬೇಕು ಎಂದು ಮರಿನಲ್ವಾಗೆ ತೋರಿಸಿದರು. ಒದ್ದೆ ಇರುವಾಗಲೇ ಎಣ್ಣೆ ಸವರಿ, ಒಂದೊಂದೇ ಸುರುಳಿಯನ್ನು ಬೆರಳಿಗೆ ಸುತ್ತಿ ಬಿಟ್ಟರು. ನಡುನಡುವೆ ದಣಿದು ನಿಲ್ಲಿಸುತ್ತಿದ್ದರು. ಆಗ ಮರಿನಲ್ವಾ ಮುಂದುವರಿಸುತ್ತಿದ್ದಳು.

“ಜೀವಮಾನವೆಲ್ಲ ಇಂಥ ಕೂದಲನ್ನ ನೇರ ಮಾಡ್ದೆ,” ಎಂದರು. “ಹೀಗೆ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಬಿಗಿ ಮಾಡ್ಬೇಡ ಮರಿನಲ್ವಾ, ಸಡಿಲ ಬಿಡು.”

ತೈನಾರಾ ಕನ್ನಡಿ ನೋಡಿಕೊಂಡಳು. ಒಂದು ಸುರುಳಿಯನ್ನು ಬೆರಳಲ್ಲಿ ಎಳೆದು ಬಿಟ್ಟಳು.

“ಸ್ಕೂಲಲ್ಲಿ ಆಡ್ಕೊಳ್ಳೋದು ಬಿಡಲ್ಲ ಅವರು,” ಎಂದಳು.

“ಬಿಡಲ್ಲ,” ಎಂದಳು ಮರಿನಲ್ವಾ. “ಆಡ್ಕೊಂಡವರ ಹೆಸರು ಹೇಳು, ಬಂದು ಮಾತಾಡ್ತೀನಿ. ಆದರೆ ಆ ಗಾಳಿ ಮಾತ್ರ ನಿನ್ ಮೂಗಿಗೆ ಹೋಗೋಕೆ ಬಿಡಲ್ಲ.”

ಹಬ್ಬದ ದಿನ ತೈನಾರಾ ತುಂಬು ಗುಂಗುರು ಕೂದಲಲ್ಲೇ ಅಪ್ಪನ ಜೊತೆ ಕುಣಿದಳು. ಯಾರೋ ಒಬ್ಬಳು ಪಕ್ಕದಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ತೈನಾರಾಗೂ ಕೇಳಿಸಿತು. ತಲೆ ತಗ್ಗಿಸಲಿಲ್ಲ.

ಆಮೇಲೆ ಎಲ್ಲ ಸುಲಭವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗಿರಾಕಿಗಳು ಹೋದರು. ಕೆಲವು ತಿಂಗಳು ಮರಿನಲ್ವಾ ಉಗುರಿಗೆ ಬಣ್ಣ ಹಚ್ಚಿ, ಗಂಡಸರ ಕೂದಲು ಕತ್ತರಿಸಿ ಪಾರ್ಲರ್ ನಡೆಸಿದಳು. ಗೋಡೆಯ ಮೇಲೆ ‘ಇಲ್ಲಿ ಫಾರ್ಮಾಲಿನ್ ಇಲ್ಲ, ಬಂದು ನೋಡಬಹುದು’ ಎಂದು ದಪ್ಪಕ್ಷರದಲ್ಲಿ ಬರೆಸಿದಳು. ಮೊದಲು ಬಸುರಿಯರು ಬಂದರು, ಆಮೇಲೆ ಮಕ್ಕಳ ತಾಯಂದಿರು. ಗುಂಗುರು ಕೂದಲಿಗೆ ಹದವಾಗಿ ಕತ್ತರಿ ಹಾಕುತ್ತಾಳೆ ಎಂಬ ಮಾತು ಹಬ್ಬಿ ಬೇರೆ ಬೀದಿಯ ಹುಡುಗಿಯರೂ ಬಂದರು. ಅದರ ಹೊಗೆಯೂ ವಿಷವೇ ಎಂದು ಸೊರಾಯಾ ಹೇಳಿದ ಮೇಲೆ ಅವಳ ಗಂಡ ಈಗ ಮನೆಯಲ್ಲಿ ಕಸದ ಪ್ಲಾಸ್ಟಿಕ್ ಸುಡುವುದನ್ನೂ ಬಿಟ್ಟಿದ್ದಾನೆ. ದೋನಾ ಜುಲ್ಮೀರಾ ಚಿಕಿತ್ಸೆ ಮುಗಿಸಿ ತಪಾಸಣೆಗೆ ಹೋಗಿ ಬರುತ್ತಿದ್ದಾರೆ.

ಮೊನ್ನೆ ಸೊರಾಯಾ ಪಾರ್ಲರಿನವರ ಒಂದು ಸಭೆ ಕರೆದಿದ್ದಳು. ಗ್ಲೌಸಿ ತಡವಾಗಿ ಬಂದು ಬಾಗಿಲ ಹತ್ತಿರ ಕೂತಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಗಿರಾಕಿ ಬೇಕೇ ಬೇಕು ಅಂತ ಹಟ ಮಾಡಿದ್ರೆ?”

“ಇಲ್ಲ ಅಂತೀನಿ,” ಎಂದಳು ಮರಿನಲ್ವಾ. “ನಾವಿಬ್ಬರೂ ಇಲ್ಲ ಅಂದ್ರೆ ಅವಳು ಇನ್ನೆಲ್ಲಿಗೆ ಹೋಗ್ತಾಳೆ?”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದು ನಮ್ಮ ಬೀದಿಯದೊಂದೇ ಕಥೆಯಲ್ಲ. ಕೂದಲು ನೇರ ಮಾಡುವ ಅಂಗಡಿ ನಿಮ್ಮ ಊರಲ್ಲೂ ಇದೆ. ಅಲ್ಲಿ ಕೂರುವ ಮೊದಲು ಡಬ್ಬಿ ತೋರಿಸಿ ಎನ್ನಿ, ಅದಕ್ಕೆ ಬೇರೇನು ಬೆರೆಸುತ್ತೀರಿ ಎಂದು ಕೇಳಿ, ಬಾಗಿಲು ಕಿಟಕಿ ತೆರೆಸಿ. ಅಲ್ಲಿ ದುಡಿಯುವ ಹೆಣ್ಣುಮಗಳಿಗೂ ಇದನ್ನು ಹೇಳಿ, ಆ ಗಾಳಿಯನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುವವಳು ಅವಳೇ. ಮನೆಯಲ್ಲಿ ಪ್ಲಾಸ್ಟಿಕ್ ಸುಡಬೇಡಿ, ಕ್ರಿಮಿನಾಶಕದ ಖಾಲಿ ಡಬ್ಬಿಯಲ್ಲಿ ನೀರು, ಕಾಳು ತುಂಬಿಡಬೇಡಿ. ಮೂಗಿನಲ್ಲಿ ಮತ್ತೆ ಮತ್ತೆ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಸೆಖೆ ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಿ. ಕ್ಯಾನ್ಸರಿಗೆ ಕಾರಣ ಹಲವಿರಬಹುದು, ಎಲ್ಲವೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವಷ್ಟನ್ನಾದರೂ ನಾವು ಮಾಡದೆ ಬಿಡಬಾರದು. ಇದರಲ್ಲಿ ಏನಿದೆ ಎಂದು ಕೇಳಲು ನಾಚಿಕೊಳ್ಳಬೇಡಿ. ಸರಿಯಾದ ಉತ್ತರ ಬರದಿದ್ದರೆ ಕುರ್ಚಿ ಬಿಟ್ಟು ಎದ್ದು ಬನ್ನಿ.