ನೆಗ್ಗಿಲ ಮುಳ್ಳಿನ ಕಷಾಯ

ಧಾತು ಸಂವತ್ಸರದ ದೊಡ್ಡ ಬರ ಕಳೆದು ಹತ್ತು ವರ್ಷಕ್ಕ ನನಗ ಮೂತ್ರಚೀಲದಾಗ ಕಲ್ಲು ಆತು. ಸಿರುಗುಪ್ಪದಿಂದ ಬಂಡಿ ಕಟ್ಟಿಸಿಕೊಂಡು ಕುರುಗೋಡಿನ ವೈದ್ಯ ಚನ್ನವೀರಯ್ಯನವರ ಹತ್ರ ಹೋದೆ.

"ನೆಗ್ಗಿಲ ಮುಳ್ಳಿನ ಕಷಾಯ ಕುಡಿ, ಮರಿಬಸಪ್ಪ. ಕಲ್ಲು ಕರಗತೈತಿ. ಬಳ್ಳಾರಿ ಆಸ್ಪತ್ರಿಗೆ ಹೋಗಿ ಹೊಟ್ಟಿ ಕೊಯ್ಸಿಕೊಂಡಿ ಅಂದ್ರ ಹೆಣ ಆಗಿ ಬರ್ತಿ," ಅಂದ್ರು.

ಹೊಲದಾಗ ಕಾಲಿಗೆ ಚುಚ್ಚೋ ಆ ಮುಳ್ಳನ್ನ ಆರಿಸಿ, ಕುದಿಸಿ, ಎರಡು ವರ್ಷ ಕುಡಿದೆ. ಕರಗಿದ್ದು ಕಲ್ಲಲ್ಲ, ನಾನು. ಕಡೀಕ ನೋವು ತಡೀಲಾರದ, ಅವರನ್ನ ಬಾಯಿಗೆ ಬಂದಂಗ ಬೈಕೊಂತ ಬಳ್ಳಾರಿಗೇ ಹೋದೆ.

ಕೊಯ್ದ ಮರುದಿನ ಎಚ್ಚರಾಗಿ ಪಕ್ಕದ ಮಂಚ ನೋಡಿದೆ. ವಿಭೂತಿ ಇಲ್ಲದ ಹಣಿ, ಗದ್ದದ ತನಕ ಹೊದ್ದ ಕಂಬಳಿ. ಚನ್ನವೀರಯ್ಯ! ತಲಿದಿಂಬಿನ ಹತ್ರ ಬಟ್ಟಲದಾಗ ಅಡಿಕಿಯಷ್ಟು ದಪ್ಪನ ಕಲ್ಲು.

ಹೊಲಿಗಿ ಹರಿದರ ಹರೀಲಿ ಅಂತ ಎದ್ದು ಕುಂತೆ. "ಅಯ್ಯಾರ, ನಮಗ ಕಷಾಯ, ನಿಮಗ ಕತ್ತಿ ಏನ್ರಿ?" ಅಂತ ಚೀರಿದೆ.

ಅವರು ನನ್ನ ಕಡೆ ತಿರುಗಲಿಲ್ಲ. ಬಟ್ಟಲದಾಗಿನ ಕಲ್ಲನ್ನೇ ಮಿಕಿಮಿಕಿ ನೋಡ್ಕೊಂತ ಮಲಗಿದ್ರು.

"ನಾನು ಹನ್ನೊಂದು ವರ್ಷ ಕುಡದೀನಪ್ಪಾ," ಅಂದ್ರು.