ಐದೂವರೆ ಮಾರು ತಂತಿ

ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಏಳು ಗಂಟೆಗೆ ಅರಸೀಕೆರೆಯ ಸುಬ್ಬರಾಮಯ್ಯ ಮೇಷ್ಟ್ರು ಸಂಧ್ಯಾವಂದನೆ ಮುಗಿಸಿ ಎಂದಿನಂತೆ ರೇಡಿಯೋ ಮುಂದೆ ಕುಳಿತರು. ಮನೆಯಿಂದಲೇ ರೇಡಿಯೋದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳ ಬೆಳಗಿನ ಸಭೆಗೆ ಇಪ್ಪತ್ತು ವರ್ಷಗಳಿಂದ ಅವರೇ ಯಜಮಾನರು. ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕರೆಯುವುದು, ಕರೆಸಿಕೊಂಡವರು ತಂತಮ್ಮ ಊರಿನಿಂದ ಓಗೊಟ್ಟು ಮಳೆ ಬೆಳೆಯ ಸಮಾಚಾರ ಹೇಳುವುದು, ಇಷ್ಟೇ ಸಭೆ. ಅಂದು ಹದಿನಾಲ್ಕು ಹೆಸರು ಮುಗಿದು ಪುಸ್ತಕ ಮುಚ್ಚುವಷ್ಟರಲ್ಲಿ ಬೇಲೂರಿನ ದೇವರಾಜ್ ಮತ್ತೆ ಬಂದ. ಯಾವಾಗಲೂ ನಗೆಚಾಟಿಕೆಯಿಂದಲೇ ಮಾತು ತೆಗೆಯುವವನ ದನಿ ಅಂದು ತಗ್ಗಿತ್ತು.

“ಮೇಷ್ಟ್ರೇ, ಪುಸ್ತಕ ಮುಚ್ಚಬೇಡಿ. ಬಸ್ತಿಹಳ್ಳಿ ಷಡಕ್ಷರಪ್ಪನೋರ ಕೀ ಮೌನವಾಯ್ತು. ಬೆಳಗಿನ ಜಾವ ಅಂತೆ. ಅವರ ಮಗ ಇಂದ್ರೇಶ್ ಈಗ ಫೋನ್ ಮಾಡಿದ್ದ.”

ರೇಡಿಯೋ ಬಳಗದಲ್ಲಿ ಯಾರನ್ನೂ ಸತ್ತರು ಎನ್ನುವುದಿಲ್ಲ. ಟಕಟಕನೆ ಮೋರ್ಸ್ ಸಂಕೇತ ಬಡಿಯುವ ಸಣ್ಣ ಸಾಧನಕ್ಕೆ ಕೀ ಎಂದು ಹೆಸರು. ಮನುಷ್ಯ ಹೋದರೆ ಅವನ ಕೀ ಮೌನವಾಯಿತು ಎನ್ನುತ್ತಾರೆ. ಮೇಷ್ಟ್ರೇ ಈ ಮಾತನ್ನು ಎಷ್ಟೋ ಸಲ ಹೇಳಿದ್ದರು. ಈಗ ಕೇಳಿಸಿಕೊಂಡಾಗ ಅವರ ಕಣ್ಣು ತಾನಾಗಿ ಹಾಜರಿ ಪುಸ್ತಕಕ್ಕೆ ಹೋಯಿತು. ದೇವರಾಜನ ಹೆಸರಿನ ಕೆಳಗೆ ಷಡಕ್ಷರಪ್ಪನ ಹೆಸರಿರಲಿಲ್ಲ. ಯುಗಾದಿಗೆ ಹೊಸ ಪುಸ್ತಕ ಬರೆದಾಗ ಅವರೇ ಬಿಟ್ಟಿದ್ದರು. ಮೂರು ತಿಂಗಳು ಓಗೊಡದವರ ಹೆಸರು ಬಿಡತಕ್ಕದ್ದು ಎಂಬ ನಿಯಮವೂ ಅವರದೇ. ತಿಪಟೂರಿನವರೊಬ್ಬರು ಎಂಟು ತಿಂಗಳಿಂದ ಬಂದಿರಲಿಲ್ಲ; ಅವರ ಹೆಸರು ಮಾತ್ರ ಹಾಗೇ ಇತ್ತು.

ಅಡಿಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಆಂಡಾಳ್ ಬಾಗಿಲಲ್ಲಿ ಬಂದು ನಿಂತರು. “ಕಾರ್ತಿಕದಿಂದ ಬಡ್ಕೊಂಡೆ, ಒಂದು ಫೋನ್ ಮಾಡಿ ಅಂತ. ಕೋಪ ಅವನದು, ಅವನೇ ಮಾಡಲಿ ಅಂದ್ರಿ. ಇನ್ನು ಯಾರು ಯಾರಿಗೆ ಮಾಡ್ತಾರೆ? ಏಳಿ, ಜಾವಗಲ್ಲು ಬಸ್ಸಾದ್ರೂ ಸಿಕ್ಕುತ್ತೆ.”

ಮೇಷ್ಟ್ರು ಪಂಚೆ ಬದಲಿಸಿ ಹೊರಟರು.

ಬಸ್ಸಿನಲ್ಲಿ ಅವರಿಗೆ ನೆನಪಾದದ್ದು ಮೂವತ್ತೆಂಟು ವರ್ಷದ ಹಿಂದಿನ ಮಾತು. ಆಗ ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಷಡಕ್ಷರಪ್ಪ ಬಸ್ತಿಹಳ್ಳಿಯಲ್ಲಿ ತೋಟ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇದ್ದವನು. ಇಬ್ಬರೂ ಕೂಡಿ ಓದಿ, ಪರೀಕ್ಷೆ ಕಟ್ಟಿ, ರೇಡಿಯೋ ಲೈಸೆನ್ಸ್ ಪಡೆದರು. ಮೇಷ್ಟ್ರ ವಠಾರದಲ್ಲಿ ತಂತಿ ಕಟ್ಟಲು ಜಾಗವಿರಲಿಲ್ಲ. ಹಾಗಾಗಿ ಮೊದಲ ಆಂಟೆನಾ ಷಡಕ್ಷರಪ್ಪನ ತೋಟದ ಎರಡು ತೆಂಗಿನ ಮರಗಳ ನಡುವೆ ಏರಿತು. ಲೆಕ್ಕ ಮೇಷ್ಟ್ರದು, ತಂತಿ ಷಡಕ್ಷರಪ್ಪನದು. ನಡುವಿನಿಂದ ಆ ಕಡೆಗೊಂದು ತೋಳು, ಈ ಕಡೆಗೊಂದು ತೋಳು. ಒಂದೊಂದೂ ಎರಡೂಮುಕ್ಕಾಲು ಮಾರು ಎಂದರು ಮೇಷ್ಟ್ರು. ಷಡಕ್ಷರಪ್ಪ ಎರಡೂ ಕೈ ಚಾಚಿ, ಹಗ್ಗ ಅಳೆದಂತೆ ತಂತಿ ಅಳೆದ. ಕತ್ತರಿಸುವ ಮುಂಚೆ ಒಮ್ಮೆ ನಿಂತ.

“ಮೇಷ್ಟ್ರೇ, ಯಾಕೋ ಗಿಡ್ಡ ಆಯ್ತು ಅನ್ನುಸ್ತೈತೆ.”

“ಸುಮ್ನೆ ಕತ್ತರಿಸಯ್ಯಾ. ಇದು ಕೊಬ್ಬರಿ ತೂಕ ಅಲ್ಲ, ಭೌತಶಾಸ್ತ್ರ!”

ಎಂಟು ದಿನ ಕೂಗಿದರೂ ನರಪಿಳ್ಳೆ ಓಗೊಡಲಿಲ್ಲ. ಒಂಬತ್ತನೆಯ ದಿನ ಮೇಷ್ಟ್ರು ಮತ್ತೆ ಲೆಕ್ಕ ಮಾಡಿದಾಗ ತಪ್ಪು ಕಣ್ಣಿಗೆ ಬಿತ್ತು. ಒಮ್ಮೆ ಭಾಗಿಸಬೇಕಾದಲ್ಲಿ ಎರಡು ಸಲ ಭಾಗಿಸಿದ್ದರು. ತೋಳೊಂದಕ್ಕೆ ಐದೂವರೆ ಮಾರು ಬೇಕಿತ್ತು. ತೋಟಕ್ಕೆ ಹೋದಾಗ ಅಲ್ಲಿ ಶಾಲೆಯ ಇಬ್ಬರು ಸಹೋದ್ಯೋಗಿಗಳು ನೋಡಲು ಬಂದು ನಿಂತಿದ್ದರು. ಅವರೆದುರಿಗೆ ಮೇಷ್ಟ್ರ ಬಾಯಿಂದ ಬಂದದ್ದು, “ಷಡಕ್ಷರಪ್ಪನ ಮಾರು ಲೆಕ್ಕ ನೋಡಿ, ಅರ್ಧಕ್ಕರ್ಧ ಕಮ್ಮಿ!” ಷಡಕ್ಷರಪ್ಪ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ನಕ್ಕು ಮರ ಹತ್ತಿ ತಂತಿ ಇಳಿಸಿ, ಎರಡೂ ತೋಳಿಗೆ ಎರಡೂಮುಕ್ಕಾಲು ಮಾರು ಸೇರಿಸಿ ಗಂಟು ಹಾಕಿದ. ಆ ಸಂಜೆಯೇ ಮಧುರೆಯಿಂದ ಉತ್ತರ ಬಂತು.

ಆಡಿದ ಸುಳ್ಳನ್ನು ಅಂದೇ ನುಂಗಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅದು ನಗು ತರಿಸುವ ಕಥೆಯಾಗಿತ್ತು. ಹೇಳಿ ಹೇಳಿ ಮೇಷ್ಟ್ರಿಗೇ ಅದು ನಿಜವೆನ್ನುವಷ್ಟು ಪಳಗಿಹೋಯಿತು. ಕಳೆದ ಕಾರ್ತಿಕದಲ್ಲಿ ಒಂದು ಭಾನುವಾರ ಸಭೆಯವರೆಲ್ಲ ತಮ್ಮ ಮೊದಲ ಆಂಟೆನಾದ ಕಥೆ ಹೇಳಬೇಕೆಂದಾಯಿತು. ದೇವರಾಜ್ ತನ್ನಮ್ಮನ ಬಟ್ಟೆ ಒಣಗಿಸುವ ತಂತಿಯ ಕಥೆ ಹೇಳಿದ: “ಅಮ್ಮ ಒದ್ದೆ ಸೀರೆ ಹರವಿದ್ಲು ಅಂದ್ರೆ ಅವತ್ತು ಮದ್ರಾಸು ಮಾಯ!” ಆಮೇಲೆ ಮೇಷ್ಟ್ರ ಸರದಿ. ಅವರು ಕೈ ಗಿಡ್ಡ, ಮಾರು ಗಿಡ್ಡ ಎಂದು ಉಪ್ಪುಖಾರ ಹಚ್ಚಿ ಹೇಳಿದರು.

“ಷಡಕ್ಷರಪ್ಪನೋರೇ, ಇಷ್ಟು ವರ್ಷ ಕೊಬ್ಬರಿ ಮೂಟೆಗೆ ಹಗ್ಗ ಹೆಂಗೆ ಕಟ್ಟಿದ್ರಿ?” ಎಂದು ದೇವರಾಜ್ ಕೆಣಕಿದ.

“ಗಿಡ್ಡವೇ ಇರ್ಬೌದು ಕಣಪ್ಪ. ಮೇಷ್ಟ್ರು ಹೇಳಿದ್ಮೇಲೆ ಮುಗೀತು,” ಎಂದ ಷಡಕ್ಷರಪ್ಪ. ದನಿ ಒಡೆದು ಗೊರಗೊರ ಎನ್ನುತ್ತಿತ್ತು. ಕೋಪವೆಂದುಕೊಂಡರು ಮೇಷ್ಟ್ರು. ಮರುದಿನದಿಂದ ಅವನು ಸಭೆಗೆ ಬರಲಿಲ್ಲ. ಮೇಷ್ಟ್ರು ಕೊಬ್ಬರಿ ಮಾರುಕಟ್ಟೆಯ ದಾರಿಯನ್ನೇ ಬಿಟ್ಟು ಸುತ್ತು ಬಳಸಿ ಓಡಾಡತೊಡಗಿದರು.

ಬಸ್ತಿಹಳ್ಳಿಯ ಮನೆಯಂಗಳದಲ್ಲಿ ಷಡಕ್ಷರಪ್ಪನನ್ನು ಕೂರಿಸಿ ವಿಭೂತಿ ಹಚ್ಚಿ ಹೂವಿನಿಂದ ಸಿಂಗರಿಸಿದ್ದರು. ಕೊರಳಿಗೆ ಬಿಳಿ ವಸ್ತ್ರ ಸುತ್ತಿತ್ತು. ಮೇಷ್ಟ್ರು ಕಾಲು ಮುಟ್ಟಿ ನಮಸ್ಕರಿಸಿದರು. ಮಧ್ಯಾಹ್ನ ತೋಟದಲ್ಲೇ ಸಮಾಧಿ ಮಾಡಿ ಎಲ್ಲರೂ ಹಿಂದಿರುಗಿದ ಮೇಲೆ ಷಡಕ್ಷರಪ್ಪನ ಹೆಂಡತಿ ಕಾಂತಮ್ಮ ಮೇಷ್ಟ್ರನ್ನು ರೇಡಿಯೋ ಕೋಣೆಗೆ ಕರೆದೊಯ್ದರು.

“ಗಂಟಲಲ್ಲಿ ಗೆಡ್ಡೆ ಆಗಿತ್ತು ಮೇಷ್ಟ್ರೇ. ಸಂಕ್ರಾಂತಿ ಹೊತ್ಗೆ ಆಪರೇಷನ್ ಆಯ್ತು, ಆಸ್ಪತ್ರೆಯಿಂದ ಮನೆಗೆ ಬರೋವಾಗ ಯುಗಾದಿ ಕಳೆದಿತ್ತು. ಮಾತು ಹೋಯ್ತು. ಆಮೇಲೆ ಸ್ಲೇಟಲ್ಲೇ ಎಲ್ಲ.”

“ನನಗೊಂದು ಮಾತು ತಿಳಿಸಬಾರದಿತ್ತೇನಮ್ಮ?”

“ಬ್ಯಾಡ ಅಂದ್ರು. ಮೇಷ್ಟ್ರು ಹೆಸರು ಕರೀತಾರೆ, ಆಗ ಕೀನಲ್ಲಿ ಬಡಿದು ಉತ್ರ ಕೊಡ್ತೀನಿ, ಗಾಬರಿ ಬಿದ್ದೋಗ್ತಾರೆ ನೋಡು ಅಂತ ಬರೆದು ನಗ್ತಿದ್ರು. ದಿನಾ ಲಿಂಗಪೂಜೆ ಆದ ತಕ್ಷಣ ಇಲ್ಲಿ ಕೂರೋರು. ದೇವರಾಜಪ್ಪನ ಹೆಸರು ಬರ್ತಿದ್ದಂಗೇ ನೆಟ್ಟಗಾಗೋರು. ಆಮೇಲೆ ಬ್ಯಾರೆ ಹೆಸರು ಬಂದ್ಬಿಡೋದು.”

“ನಡುವೆ ಬಡಿದಿದ್ದರೂ ನನಗೆ ಗೊತ್ತಾಗುತ್ತಿತ್ತು!”

“ನಾನೂ ಅದ್ನೇ ಅಂದೆ. ಕರೀದೇ ಇದ್ದಾಗ ಮಧ್ಯ ಬಾಯಿ ಹಾಕಬಾರ್ದು ಅಂತ ಮೇಷ್ಟ್ರೇ ಕಲ್ಸಿದ್ದು, ಅಂತ ಬರೆದ್ರು.”

ಕೀ ಮೇಲೆ ಒಂದು ಬಿಳಿ ಕರವಸ್ತ್ರ ಹೊದಿಸಿತ್ತು. ಮೇಷ್ಟ್ರು ಅದನ್ನು ತೆಗೆಯಲಾರದೆ ಕಿಟಕಿಯ ಆಚೆ ನೋಡಿದರು. ಆ ಎರಡು ಮರಗಳು ಬೆಳೆದು ಎತ್ತರಕ್ಕೆ ಹೋಗಿದ್ದವು. ತಂತಿ ಮಾತ್ರ ಕಟ್ಟಿದಲ್ಲೇ ಇತ್ತು. ಎರಡೂ ತೋಳುಗಳ ನಡುಮಧ್ಯೆ ಒಂದೊಂದು ಗಂಟು.

“ಕಾಂತಮ್ಮ, ಆ ಗಂಟು ಬಿದ್ದದ್ದು ನನ್ನ ತಪ್ಪಿನಿಂದ. ಅವನ ಅಳತೆ ಸರಿಯಾಗಿತ್ತು.”

“ಗೊತ್ತು ಮೇಷ್ಟ್ರೇ. ಅವತ್ತೇ ಹೇಳಿದ್ರು. ಪಾಠ ಹೇಳೋರಿಗೆ ಲೆಕ್ಕ ತಪ್ಪಿತು ಅಂದ್ರೆ ಮಕ್ಕಳು ಆಡ್ಕೋತಾವೆ, ನನ್ನ ಮೇಲೇ ಇರ್ಲಿ ಬಿಡು, ಅಂದ್ರು.” ಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಆದ್ರೆ ಕಾರ್ತಿಕದಲ್ಲಿ ಬಲೇ ನೊಂದ್ಕಂಡ್ರು. ಈಗೇನು ಮೇಷ್ಟ್ರು ಪಾಠ ಮಾಡ್ತಾರಾ, ಈಗ್ಲಾದ್ರೂ ನಿಜ ಹೇಳ್ಬೌದಿತ್ತು, ಅಂದ್ರು.”

ಮರುದಿನ ಏಳು ಗಂಟೆಗೆ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ದೇವರಾಜನ ಹೆಸರಿನ ಕೆಳಗೆ, ಇಕ್ಕಟ್ಟಿನಲ್ಲೇ, ಬಿಟ್ಟ ಹೆಸರನ್ನು ಬರೆದರು. ಹೋದವರನ್ನು ಮೂರು ಸಲ ಕರೆಯುವುದು ಸಭೆಯ ಪದ್ಧತಿ. ಅವರು ಷಡಕ್ಷರಪ್ಪನನ್ನು ಕರೆದು ಕಾದರು. ಮತ್ತೆ ಕರೆದರು. ಮೂರನೆಯ ಸಲ ಕರೆದಾಗಲೂ ಬರಿಯ ಗಾಳಿಯ ಸದ್ದು ಬಂತು.

“ಮೊನ್ನೆ ಮೊನ್ನೆಯವರೆಗೂ ಅವನು ಕೇಳುತ್ತಿದ್ದ, ನಾನು ಕರೆಯಲಿಲ್ಲ,” ಎಂದರು. “ಇನ್ನೊಂದು ಮಾತು. ನಮ್ಮ ಮೊದಲ ಆಂಟೆನಾದ ಅಳತೆ ತಪ್ಪಿದ್ದು ಅವನ ಮಾರಿನಿಂದಲ್ಲ. ಲೆಕ್ಕ ತಪ್ಪಿದ್ದು ನಾನು. ಗಿಡ್ಡವೆಂದು ಮೊದಲು ಹೇಳಿದವನೇ ಅವನು. ಮೂವತ್ತೆಂಟು ವರ್ಷ ನಿಮ್ಮೆಲ್ಲರಿಗೂ ಸುಳ್ಳು ಹೇಳಿದೆ. ಅವನು ಕೇಳಿಸಿಕೊಳ್ಳುವಾಗ ಹೇಳಬೇಕಾಗಿತ್ತು.”

ದೇವರಾಜ್ ತಗ್ಗಿದ ದನಿಯಲ್ಲಿ, “ಬರ್ಕೊಂಡೆ ಮೇಷ್ಟ್ರೇ. ನಾನೂ ಕೆಣಕಿದ್ದೆ. ಇನ್ಮೇಲೆ ಕಥೆ ಹಿಂಗೇ ಹೇಳ್ತೀವಿ,” ಎಂದ.

ರೇಡಿಯೋ ಆರಿಸಿ ಮೇಷ್ಟ್ರು ದೇವರ ಮನೆಗೆ ಹೋಗಿ, ಮಾಲೇಕಲ್ಲು ವೆಂಕಟರಮಣನ ಪಟದ ಮುಂದೆ ಕೈಮುಗಿದು ನಿಂತರು. ‘ಸ್ವಾಮೀ, ಅವನು ಶಿವಭಕ್ತ. ಅವನು ಯಾರ ಪಾದ ಸೇರಿದನೋ ಅವರಿಗೆ ನನ್ನ ಈ ಬಿನ್ನಹ ಮುಟ್ಟಿಸು: ಅವನು ಕರೆಯದೆ ಬಾಯಿ ತೆರೆಯುವವನಲ್ಲ. ಬಾಗಿಲಲ್ಲೇ ಕಾದು ನಿಂತಿರುತ್ತಾನೆ. ನಾನು ಮಾಡಿದಂತೆ ಮಾಡಬೇಡಿ. ನೀವೇ ಮೊದಲು ಅವನ ಹೆಸರು ಹಿಡಿದು ಒಳಗೆ ಕರೆಯಿರಿ. ಅವನ ಆತ್ಮಕ್ಕೆ ಶಾಂತಿ ಕೊಡಿ.’